ಹಿಟ್ಟಿನ ಕೋಳಿ ಮತ್ತು ಹಸಿರು ರಕ್ತ

“ಈಗ ಯಾವ ಆಟ ಆಡುತ್ತಿದ್ದೀಯ? ಹೇಗಿದೆ?” ಶ್ರಾವಕರ ಮನೆಗಳಲ್ಲಿ ಹತ್ತು ವರ್ಷದ ಬಾಲಕನಿಂದ ಹಿಡಿದು ಮೂವತ್ತು ದಾಟಿದ ಗೃಹಸ್ಥನವರೆಗೆ ಇಂದು ಪರಸ್ಪರ ಕೇಳಿಕೊಳ್ಳುವ ಪ್ರಶ್ನೆ ಇದು. ಇಲ್ಲಿ ಆಟವೆಂದರೆ ಮೈದಾನದ ಆಟವಲ್ಲ; ಮೊಬೈಲ್ ಅಥವಾ ಕಂಪ್ಯೂಟರಿನ ತೆರೆಯ ಮೇಲೆ ಆಡುವ ವಿಡಿಯೋ ಗೇಮ್. ಉತ್ತರವಾಗಿ ಬರುವ ಅಭಿಪ್ರಾಯಗಳೂ ಬಹುಮಟ್ಟಿಗೆ ಒಂದೇ ಬಗೆಯವು. ಚಿತ್ರಗಳು ನಿಜವೆನ್ನಿಸುವಂತಿವೆ, ಬಂದೂಕು ಕೈಗೆ ಚೆನ್ನಾಗಿ ಒಗ್ಗುತ್ತದೆ, ನಿನ್ನೆ ಒಂದೇ ಸುತ್ತಿನಲ್ಲಿ ಹದಿನಾಲ್ಕು ಜನರನ್ನು ಉರುಳಿಸಿದೆ, ನೀನೂ ಆಡಲೇಬೇಕು. ಬಸದಿಯಲ್ಲಿ ಅಭಿಷೇಕ ಮುಗಿಯುವುದನ್ನು ಕಾಯುತ್ತ ಕುಳಿತ ಮಕ್ಕಳ ನಡುವೆಯೂ ಈ ಮಾತು ನಡೆಯುತ್ತದೆ. ಹಿರಿಯರಲ್ಲಿ ಕೆಲವರು ಅದಕ್ಕೆ ಕಿವಿಗೊಡುವುದಿಲ್ಲ. ಉಳಿದವರು ಗದರಿಸಿ ಮೊಬೈಲನ್ನು ಕಿತ್ತಿಡುತ್ತಾರೆ. ಆ ಮಾತಿನಲ್ಲಿ ಆತ್ಮಕ್ಕೆ ಏನು ಸಂಭವಿಸುತ್ತಿದೆ ಎಂದು ವಿಚಾರಿಸುವವರು ವಿರಳ.

ಆಡುವುದರ ದೋಷಗುಣಗಳ ಬಗ್ಗೆ ಚರ್ಚೆ ಸಾಕಷ್ಟು ನಡೆದಿದೆ. ಆಡಿದ್ದನ್ನು ಹೊಗಳುವುದರ ಬಗ್ಗೆ ಚರ್ಚೆಯೇ ನಡೆದಿಲ್ಲ. ಜಿನಾಗಮದ ದೃಷ್ಟಿಯಲ್ಲಾದರೋ ಹೊಗಳಿಕೆ ಕ್ಷುಲ್ಲಕ ವಿಷಯವಲ್ಲ. ಕರ್ಮದ ಆಸ್ರವಕ್ಕೆ ಕೃತ, ಕಾರಿತ, ಅನುಮೋದಿತ ಎಂಬ ಮೂರು ದ್ವಾರಗಳನ್ನು ಆಚಾರ್ಯರು ಹೇಳಿದ್ದಾರೆ. ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದವರನ್ನು ಮೆಚ್ಚುವುದು. ಈ ಮೂರನ್ನು ಮನ, ವಚನ, ಕಾಯಗಳೆಂಬ ಮೂರರಿಂದಲೂ, ಸಂರಂಭ, ಸಮಾರಂಭ, ಆರಂಭಗಳೆಂಬ ಮೂರರಿಂದಲೂ, ಕ್ರೋಧ, ಮಾನ, ಮಾಯಾ, ಲೋಭಗಳೆಂಬ ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಭೇದಗಳಾಗುತ್ತವೆ. ಜಪಮಾಲೆಯ 108 ಮಣಿಗಳನ್ನು ಎಣಿಸುವ ಶ್ರಾವಕನು ಅವುಗಳಲ್ಲಿ ಮೂವತ್ತಾರು ಕೇವಲ ಅನುಮೋದನೆಗೆ ಸಂಬಂಧಿಸಿದವು ಎಂಬುದನ್ನು ನೆನಪಿಡುವುದು ಒಳ್ಳೆಯದು. ಲೆಕ್ಕದಲ್ಲಿ ಮೂರನೆಯ ಒಂದು ಪಾಲನ್ನು ಕಿರ್ದಿಗೆ ಬರೆಯದೆ ಬಿಡುವ ವ್ಯಾಪಾರಿಯ ಆಢಾವೆ ಪತ್ರಿಕೆ ಸರಿಹೊಂದುವುದುಂಟೇ?

ಇದಕ್ಕೆ ಸಿದ್ಧವಾಗಿ ಬರುವ ಪ್ರತಿವಾದವೆಂದರೆ, ಆಟದಲ್ಲಿ ಯಾವ ಜೀವವೂ ಸಾಯುವುದಿಲ್ಲ. ಸಾಯುವುದು ಬೆಳಕಿನ ಚುಕ್ಕೆಗಳು ಮಾತ್ರ. ಹಿಂಸೆಯೇ ಇಲ್ಲದಿರುವಾಗ ಅದರ ಅನುಮೋದನೆ ಎಲ್ಲಿಯದು ಎಂಬುದು. ವಾದವು ನಯವಾಗಿದೆ. ಆದರೆ ಇದು ಹೊಸದಲ್ಲ. ಹೊಯ್ಸಳರ ಕಾಲದ ಕವಿ ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ವಿಷಯವೇ ಇದು. ಯಶೋಧರ ರಾಜನು ಕ್ರೂರಿಯಲ್ಲ. ತಾಯಿ ಚಂದ್ರಮತಿಯು ಚಂಡಮಾರಿಗೆ ಜೀವಬಲಿ ಕೊಡಬೇಕೆಂದಾಗ ಅವನು ಒಪ್ಪಲಿಲ್ಲ. ಕಡೆಗೆ ತಾಯಿಯ ಮಾತನ್ನು ಮೀರಲಾರದೆ, ಜೀವಕ್ಕೆ ಬದಲಾಗಿ ಹಿಟ್ಟಿನ ಕೋಳಿಯನ್ನು ಬಲಿ ಕೊಡಲು ಸಮ್ಮತಿಸಿದನು. ಆ ಕೋಳಿಯಲ್ಲಿ ಪ್ರಾಣವಿರಲಿಲ್ಲ. ಆದರೂ ಕತ್ತಿಯೆತ್ತಿದ ಕೈಯ ಹಿಂದೆ ಕೊಲ್ಲುತ್ತೇನೆಂಬ ಸಂಕಲ್ಪವಿತ್ತು. ಅದರ ಫಲವಾಗಿ ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಮೊಸಳೆ, ಆಡು ಮೊದಲಾದ ತಿರ್ಯಂಚ ಜನ್ಮಗಳಲ್ಲಿ ತೊಳಲಿ, ಕಡೆಗೆ ಸ್ವತಃ ಕೋಳಿಗಳಾಗಿ ಹುಟ್ಟಿ ಬಾಣಕ್ಕೆ ಬಲಿಯಾದರು. ಕತ್ತಿ ಬೀಸಿದವನು ಮಗ, ಬೀಸಿಸಿದವಳು ತಾಯಿ. ಭವಾವಳಿ ಇಬ್ಬರಿಗೂ ಬಂದಿತು.

ಕಥೆ ಎಂಟುನೂರು ವರ್ಷ ಹಳೆಯದು, ಆದರೆ ಕೋಳಿ ಮರಳಿ ಬಂದಿದೆ. 2017ರಲ್ಲಿ ಹೊರಬಂದು, 2018ರಲ್ಲಿ ಮೊಬೈಲಿಗೂ ಇಳಿದ ಪಬ್‌ಜಿ ಎಂಬ ಆಟದಲ್ಲಿ ನೂರು ಜನರನ್ನು ವಿಮಾನದಿಂದ ದ್ವೀಪವೊಂದಕ್ಕೆ ಇಳಿಸಲಾಗುತ್ತದೆ. ಆಯುಧಗಳನ್ನು ಹುಡುಕಿ ಇತರರೆಲ್ಲರನ್ನೂ ಕೊಂದು ಕಡೆಯವರೆಗೆ ಉಳಿದವನು ವಿಜಯಿ. ಅವನಿಗೆ ತೆರೆಯ ಮೇಲೆ ಪ್ರಾಪ್ತವಾಗುವ ಬಿರುದು ‘ಚಿಕನ್ ಡಿನ್ನರ್’. ಹುಟ್ಟಿದಂದಿನಿಂದ ಮೊಟ್ಟೆಯನ್ನೂ ಮುಟ್ಟದ, ಸೂರ್ಯಾಸ್ತದ ನಂತರ ಊಟ ಮಾಡದ ಮನೆಯ ಮಗು “ನಿನ್ನೆ ರಾತ್ರಿ ನನಗೆ ಎರಡು ಚಿಕನ್ ಡಿನ್ನರ್” ಎಂದು ಗೆಳೆಯನಿಗೆ ಹೆಮ್ಮೆಯಿಂದ ಹೇಳುತ್ತದೆ. ಗೆಳೆಯನು “ಭಲೇ” ಎನ್ನುತ್ತಾನೆ. ಇಬ್ಬರಿಗೂ ನಾಲಗೆಯ ಮೇಲೆ ಏನು ಕುಳಿತಿದೆ ಎಂಬ ಪರಿವೆಯಿಲ್ಲ. ಪರಿವೆಯಿಲ್ಲದಿರುವುದನ್ನೇ ಶಾಸ್ತ್ರವು ಪ್ರಮಾದವೆಂದು ಕರೆಯುತ್ತದೆ.

2020ರ ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರವು ಈ ಆಟವನ್ನು ಇನ್ನೂ 117 ಆ್ಯಪ್‌ಗಳೊಡನೆ ನಿಷೇಧಿಸಿತು. ಕಾರಣ ಅಹಿಂಸೆಯಲ್ಲ, ದೇಶದ ಭದ್ರತೆ. 2021ರ ಜುಲೈನಲ್ಲಿ ಅದೇ ಆಟವು ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೆಸರಿನಿಂದ ಮರಳಿತು; 2022ರಲ್ಲಿ ಮತ್ತೆ ತೆಗೆಯಲ್ಪಟ್ಟು, 2023ರ ಮೇ ತಿಂಗಳಲ್ಲಿ ಪುನಃ ಬಂದಿತು. ಈ ಭಾರತೀಯ ಆವೃತ್ತಿಯಲ್ಲಿ ಮಾಡಿದ ಮಾರ್ಪಾಡುಗಳು ಗಮನಾರ್ಹ. ಗುಂಡೇಟಿಗೆ ಚಿಮ್ಮುವ ರಕ್ತದ ಬಣ್ಣವನ್ನು ಕೆಂಪಿನಿಂದ ಹಸಿರಿಗೆ ಬದಲಿಸಲಾಯಿತು. ‘ಕಿಲ್’ ಎಂಬ ಪದಕ್ಕೆ ಬದಲಾಗಿ ‘ಫಿನಿಶ್’ ಎಂದು ಬರೆಯಲಾಯಿತು. ಕೊಂದದ್ದು ಮುಗಿಸಿದ್ದಾಯಿತು, ನೆತ್ತರು ಸೊಪ್ಪಿನ ರಸದಂತಾಯಿತು. ಅರಮನೆಯವರೂ ಹೀಗೆಯೇ ಅಲ್ಲವೇ ಹಿಟ್ಟಿಗೆ ಬಣ್ಣ ಬಳಿದು ಕೋಳಿಯನ್ನಾಗಿಸಿದ್ದು? ಅಲ್ಲಿ ಹಿಟ್ಟನ್ನು ಜೀವವೆನ್ನಿಸಲು ಬಣ್ಣ ಬೇಕಾಯಿತು. ಇಲ್ಲಿ ಕೊಲೆಯನ್ನು ಕೊಲೆಯಲ್ಲವೆನ್ನಿಸಲು ಬಣ್ಣ ಬೇಕಾಗಿದೆ. ಬಣ್ಣದಡಿಯ ಸಂಕಲ್ಪ ಎರಡೂ ಕಡೆ ಒಂದೇ.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಒಪ್ಪಬೇಕು. ತೆರೆಯ ಮೇಲಿನ ಕೊಲೆಯಲ್ಲಿ ದ್ರವ್ಯಹಿಂಸೆಯಿಲ್ಲ. ಆದ್ದರಿಂದ ಅದು ನಿಜವಾದ ಪ್ರಾಣಿವಧೆಗೆ ಸಮಾನವೆಂದು ಗುಡುಗುವವರು ಶಾಸ್ತ್ರವನ್ನು ಅತಿಗೆ ಎಳೆಯುತ್ತಾರೆ. ಇಂಥ ಆಟಗಳಿಂದ ಮಕ್ಕಳು ಕೊಲೆಗಡುಕರಾಗುತ್ತಾರೆಂಬ ಭಯವನ್ನು ಹರಡುವುದೂ ಸರಿಯಲ್ಲ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಕ್ಯಾಲಿಫೋರ್ನಿಯ ರಾಜ್ಯದ ಕಾಯಿದೆಯೊಂದನ್ನು ರದ್ದುಪಡಿಸುವಾಗ, ಆಟದಿಂದ ಮಕ್ಕಳಲ್ಲಿ ಹಿಂಸಾಪ್ರವೃತ್ತಿ ಉಂಟಾಗುತ್ತದೆಂಬುದು ಸಿದ್ಧವಾಗಿಲ್ಲವೆಂದು ಹೇಳಿತು. ಆ ದೇಶದ ಮನೋವಿಜ್ಞಾನಿಗಳ ಸಂಘವೂ 2020ರಲ್ಲಿ, ಸಮಾಜದಲ್ಲಿ ನಡೆಯುವ ಹಿಂಸಾಕೃತ್ಯಗಳಿಗೆ ಆಟಗಳನ್ನು ಕಾರಣವೆನ್ನಲು ಆಧಾರ ಸಾಲದೆಂದು ತಿಳಿಸಿತು. ಇದನ್ನು ಕೇಳಿ ತರುಣರು ಗೆದ್ದೆವೆಂದು ತಿಳಿಯುವುದುಂಟು. ಆದರೆ ಅವರು ಗೆದ್ದದ್ದು ಬೇರೊಂದು ಮೊಕದ್ದಮೆಯನ್ನು. ನೆರೆಯವನಿಗೆ ಪೆಟ್ಟು ಬೀಳುತ್ತದೆಯೇ ಎಂಬುದು ನ್ಯಾಯಾಲಯದ ಪ್ರಶ್ನೆ. ಆಡುವವನ ಪರಿಣಾಮ ಎಂಥದಾಗುತ್ತದೆ ಎಂಬುದು ಧರ್ಮದ ಪ್ರಶ್ನೆ. ಮೊದಲನೆಯದಕ್ಕೆ ‘ಇಲ್ಲ’ ಎಂಬ ಉತ್ತರ ಬಂದ ಮಾತ್ರಕ್ಕೆ ಎರಡನೆಯದು ತೀರಿಹೋಗುವುದಿಲ್ಲ.

ಎರಡನೆಯ ಪ್ರಶ್ನೆಗೆ ಆಚಾರ್ಯರ ಉತ್ತರ ಸ್ಪಷ್ಟವಾಗಿದೆ. ಹಿಂಸೆಯಲ್ಲಿ ಆನಂದಪಡುವ ಏಕಾಗ್ರತೆಗೆ ಹಿಂಸಾನಂದ ರೌದ್ರಧ್ಯಾನವೆಂದು ಹೆಸರು. ಈ ಆಟಗಳು ಬೇಡುವುದೂ ಏಕಾಗ್ರತೆಯನ್ನೇ, ಕೊಡುವುದೂ ಆನಂದವನ್ನೇ. ಗೃಹಸ್ಥನಿಗೆ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳಲ್ಲಿ ಅನಿವಾರ್ಯತೆಯ ರಿಯಾಯಿತಿಯಿದೆ. ಅಡುಗೆ ಮಾಡಬೇಕು, ಬದುಕಲು ಉದ್ಯೋಗ ಬೇಕು, ಆಕ್ರಮಣವನ್ನು ಎದುರಿಸಬೇಕು. ಸಂಕಲ್ಪೀ ಹಿಂಸೆಗೆ ಮಾತ್ರ ರಿಯಾಯಿತಿಯಿಲ್ಲ. ಆಟದ ಯುದ್ಧವು ಆತ್ಮರಕ್ಷಣೆಯೇ ಎಂದು ಹೇಳುವವರಿದ್ದಾರೆ. ತಾನೇ ಗುಂಡಿಯೊತ್ತಿ ಕರೆತಂದ ಶತ್ರುವಿನಿಂದ ಎಂಥ ರಕ್ಷಣೆ?

ಇನ್ನು ತಾನು ಆಡದೆ ಇತರರ ಆಟವನ್ನು ಯೂಟ್ಯೂಬಿನಲ್ಲಿ ನೋಡಿ ಅಭಿಪ್ರಾಯ ಹೇಳುವವರ ಸಂಖ್ಯೆಯೂ ದೊಡ್ಡದು. ಅಲ್ಲಿ ಹೊಡೆಯಬೇಕಿತ್ತು, ಅವನನ್ನು ಬಿಟ್ಟದ್ದು ತಪ್ಪು, ನಾನಾಗಿದ್ದರೆ ಒಬ್ಬನನ್ನೂ ಉಳಿಸುತ್ತಿರಲಿಲ್ಲ ಎಂಬುದು ಅವರ ವಿಮರ್ಶೆ. ಈ ಮಾತನ್ನು ಬಹಳ ಹಿಂದೆಯೇ ಮೀನೊಂದು ಆಡಿಕೊಂಡಿತ್ತು. ಕುಂದಕುಂದಾಚಾರ್ಯರು ‘ಭಾವಪಾಹುಡ’ದಲ್ಲಿ ನೆನೆಯುವ ಶಾಲಿಸಿಕ್ಥ ಮತ್ಸ್ಯವು ಅಕ್ಕಿಯ ಕಾಳಿನಷ್ಟು ಗಾತ್ರದ್ದು; ಮಹಾಮತ್ಸ್ಯದ ಕಿವಿಯಲ್ಲಿ ಅದರ ವಾಸ. ಮಹಾಮತ್ಸ್ಯವು ಬಾಯಿ ತೆರೆದು ಮಲಗಿರುವಾಗ ಜಲಚರಗಳು ಒಳಹೊಕ್ಕು ಹೊರಬರುವುದನ್ನು ಕಂಡು, ತನಗೆ ಇಂಥ ಬಾಯಿ ಇದ್ದಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲವೆಂದು ಅದು ಭಾವಿಸುತ್ತದೆ. ಅದು ಕೊಂದದ್ದು ಒಂದು ಜೀವವನ್ನೂ ಅಲ್ಲ, ಹೋದದ್ದು ಮಾತ್ರ ಮಹಾನರಕಕ್ಕೆ.

ಆಟಗಳ ವ್ಯಾಪಾರವೂ ಈ ಅನುಮೋದನೆಯ ಮೇಲೆಯೇ ನಿಂತಿದೆ. ಕಂಪ್ಯೂಟರ್ ಆಟಗಳನ್ನು ಮಾರುವ ‘ಸ್ಟೀಮ್’ ಎಂಬ ದೊಡ್ಡ ಮಳಿಗೆಯಲ್ಲಿ ಅಭಿಪ್ರಾಯ ಬರೆಯುವವನ ಮುಂದಿಡುವ ಮುಖ್ಯ ಪ್ರಶ್ನೆ ಒಂದೇ: ಇದನ್ನು ಇತರರಿಗೆ ಶಿಫಾರಸು ಮಾಡುತ್ತೀರೋ, ಇಲ್ಲವೋ? ಅವನ ಉತ್ತರದ ಪಕ್ಕದಲ್ಲಿ ಅವನು ಎಷ್ಟು ಗಂಟೆ ಆಡಿದ್ದಾನೆಂಬುದೂ ನಮೂದಾಗುತ್ತದೆ. ಶಿಫಾರಸು ಮಾಡಿದವನು ಸಂಬಳವಿಲ್ಲದ ದಲ್ಲಾಳಿಯಾಗುತ್ತಾನೆ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂಬ ಐದು ಅನರ್ಥದಂಡಗಳನ್ನು ಎಣಿಸಿದ್ದಾರೆ. ಯಾವ ಪ್ರಯೋಜನವೂ ಇಲ್ಲದೆ ಕಟ್ಟಿಕೊಳ್ಳುವ ಪಾಪಗಳು ಇವು. “ಈ ಆಟದಲ್ಲಿ ದಾರಿಹೋಕರ ಮೇಲೆ ಕಾರು ಹರಿಸಬಹುದು, ಬಹಳ ಮಜಾ, ನೀನೂ ಆಡು” ಎಂಬ ಒಂದು ವಾಕ್ಯದಲ್ಲಿ ಪಾಪೋಪದೇಶವಿದೆ, ಕೇಳುವವನಿಗೆ ದುಃಶ್ರುತಿಯಿದೆ, ಇಬ್ಬರಿಗೂ ಅಪಧ್ಯಾನವಿದೆ. ವ್ಯಾಪಾರದಲ್ಲಿ ಲಾಭಕ್ಕಾಗಿ ಪಾಪ ಮಾಡಿದವನಿಗೆ ಲಾಭವಾದರೂ ಕೈಗೆ ಬರುತ್ತದೆ. ಇಲ್ಲಿ ಅದೂ ಇಲ್ಲ.

ಹಾಗೆಂದು ಹಿರಿಯರು ತೀರ್ಪುಗಾರರ ಪೀಠದಲ್ಲಿ ಕೂರುವಂತಿಲ್ಲ. ದ್ಯೂತವು ಸಪ್ತವ್ಯಸನಗಳಲ್ಲಿ ಮೊದಲನೆಯದು. ಆದರೂ ಮೊಮ್ಮಗನ ಆಟವನ್ನು ಹಳಿಯುವ ತಾತನ ಮೊಬೈಲಿನಲ್ಲಿ ಹಣವಿಟ್ಟು ಆಡುವ ರಮ್ಮಿ ಇದ್ದ ಮನೆಗಳು ಇಲ್ಲದಿರಲಿಲ್ಲ. ಕರ್ನಾಟಕವು 2021ರಲ್ಲಿ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ, ಮುಂದಿನ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯವು ಆ ತಿದ್ದುಪಡಿಯನ್ನು ರದ್ದುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಇಂಥ ಆಟಗಳ ನಿಷೇಧಕ್ಕೆ ಕಾಯಿದೆ ಮಾಡಿತು. ಸರ್ಕಾರ ತಡೆಯುವವರೆಗೆ ಕಾದ ಶ್ರಾವಕನು ವ್ರತ ಪಾಲಿಸಿದಂತಾಗುವುದಿಲ್ಲ, ದಂಡಕ್ಕೆ ಹೆದರಿದಂತಾಗುತ್ತದೆ. ಮೊಬೈಲ್ ಅಂಗಡಿಯಿಟ್ಟು, ‘ಗೇಮಿಂಗಿಗೆ ಉತ್ತಮ’ ಎಂಬ ಫಲಕ ತೂಗುಹಾಕಿ, ಸಂಜೆ ಪಾಠಶಾಲೆಯ ಸಭೆಯಲ್ಲಿ ಮಕ್ಕಳು ಕೆಟ್ಟರೆಂದು ಮರುಗುವವರೂ ತಮ್ಮ ಫಲಕವನ್ನು ಒಮ್ಮೆ ಓದಿಕೊಳ್ಳಬೇಕು.

ಹಾಗಾದರೆ ಆಟವೇ ತ್ಯಾಜ್ಯವೇ? ಜೈನ ಪರಂಪರೆ ಹಾಗೆ ಹೇಳಿಲ್ಲ. ಭರತ ಬಾಹುಬಲಿಗಳ ಸೇನೆಗಳು ಎದುರುಬದುರಾಗಿ ನಿಂತಾಗ, ಅಸಂಖ್ಯ ಸೈನಿಕರ ಪ್ರಾಣ ಉಳಿಸಲು ಮಂತ್ರಿಗಳು ಸೂಚಿಸಿದ್ದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು. ಅಲ್ಲಿ ಯುದ್ಧದ ಜಾಗಕ್ಕೆ ಸ್ಪರ್ಧೆ ಬಂದಿತು. ಇಂದಿನ ಆಟಗಳಲ್ಲಿ ಸ್ಪರ್ಧೆಯ ಜಾಗಕ್ಕೆ ಯುದ್ಧ ಬಂದಿದೆ. ಹಾವು ಏಣಿಯಾಟದ ಮೂಲರೂಪಗಳಲ್ಲಿ ಒಂದಾದ ಜ್ಞಾನಚೌಪಡವನ್ನು ಪಶ್ಚಿಮ ಭಾರತದ ಜೈನರು ಬಟ್ಟೆಯ ಮೇಲೆ ಚಿತ್ರಿಸಿ ಆಡುತ್ತಿದ್ದರು; ಸದ್ಗುಣ ಮೇಲಕ್ಕೊಯ್ದು ದುರ್ಗುಣ ಕೆಳಗಿಳಿಸುವ ಆಟವದು. ಈ ಕಾಲದವರೂ ಅಂಥ ವಿವೇಕಕ್ಕೆ ಹೊರತಾಗಿಲ್ಲ. 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಾಜಿತ್‌ನೋವ್ ರಚಿಸಿದ ಟೆಟ್ರಿಸ್‌ನಲ್ಲಿ ಬೀಳುವ ತುಂಡುಗಳನ್ನು ಹೊಂದಿಸುವುದರ ಹೊರತು ಬೇರೇನೂ ಇಲ್ಲ. 2015ರಲ್ಲಿ ಟೋಬಿ ಫಾಕ್ಸ್ ಹೊರತಂದ ‘ಅಂಡರ್‌ಟೇಲ್’ನಲ್ಲಿ ಎದುರಾದವರಲ್ಲಿ ಒಬ್ಬರನ್ನೂ ಕೊಲ್ಲದೆ ಆಟವನ್ನು ಮುಗಿಸಬಹುದು. ಎಲ್ಲರನ್ನೂ ಕೊಂದು, ಆಮೇಲೆ ಹೊಸದಾಗಿ ಆರಂಭಿಸಿದರೂ ಆಟವು ಹಿಂದಿನದನ್ನು ಮರೆಯುವುದಿಲ್ಲ. ಈ ಕಲ್ಪನೆ ಪಾಠಶಾಲೆಯಲ್ಲಿ ಚರ್ಚೆಗೆ ಯೋಗ್ಯ. ಇದಕ್ಕೆ ಪ್ರತಿಯಾಗಿ, ಸೌಮ್ಯವೆಂದು ಹೆಸರಾದ ಬೇಸಾಯದ ಆಟ ‘ಸ್ಟಾರ್‌ಡ್ಯೂ ವ್ಯಾಲಿ’ಯಲ್ಲೂ ಗಾಳ ಹಾಕಿ ಮೀನು ಹಿಡಿಯುವ ಭಾಗವಿದೆ. ಹೆಸರು ಕೇಳಿ ನಿರ್ಣಯಿಸಿದವರು ಎರಡು ಕಡೆಯೂ ತಪ್ಪುತ್ತಾರೆ.

ಆದ್ದರಿಂದ ಟ್ರಸ್ಟುಗಳು ತಮ್ಮ ವಿದ್ಯಾರ್ಥಿನಿಲಯಗಳಲ್ಲಿ “ವಿಡಿಯೋ ಗೇಮ್ ನಿಷಿದ್ಧ” ಎಂಬ ಠರಾವು ಬರೆದು ಕೈ ತೊಳೆದುಕೊಳ್ಳುವುದರಿಂದ ಪ್ರಯೋಜನವಿಲ್ಲ. ನಿಷೇಧವು ಆಟವನ್ನು ಹೊದಿಕೆಯ ಕೆಳಗೆ ತಳ್ಳುತ್ತದೆ. ಮಾತನ್ನು ಹಿರಿಯರ ಕಿವಿಯಿಂದ ದೂರ ಒಯ್ಯುತ್ತದೆ. ಬೇಕಾದುದು ಮಾತನ್ನು ನಿಲ್ಲಿಸುವುದಲ್ಲ, ಮಾತಿಗೆ ಆಲೋಚನೆಯನ್ನು ಕೂಡಿಸುವುದು. “ಯಾವ ಆಟ, ಹೇಗಿದೆ?” ಎಂಬ ಪ್ರಶ್ನೆಯನ್ನು ತಂದೆತಾಯಿಯರೂ ಕೇಳಲಿ. ಅದರ ಜೊತೆಗೆ ಇನ್ನೂ ಕೆಲವನ್ನು ಕೇಳಲಿ. ಈ ಆಟ ಯಾವುದಕ್ಕೆ ಅಂಕ ಕೊಡುತ್ತದೆ? ನಿನಗೆ ಅತ್ಯಂತ ಸಂತೋಷವಾದ ಕ್ಷಣ ಯಾವುದು? ಕೊಲ್ಲದೆ ಮುಂದೆ ಹೋಗಲು ದಾರಿಯಿತ್ತೇ, ಇದ್ದರೆ ಹಿಡಿದೆಯಾ? ಸಾಮಾಯಿಕದ ಒಂದು ಮುಹೂರ್ತಕ್ಕೆ 48 ನಿಮಿಷ, ಆಟಕ್ಕೆ ಎಷ್ಟಾಯಿತು? ಇವಕ್ಕೆ ಪ್ರಾಮಾಣಿಕವಾಗಿ ಉತ್ತರಿಸಿದ ಮಗು ತನ್ನ ಪ್ರತಿಕ್ರಮಣವನ್ನು ತಾನೇ ಆರಂಭಿಸಿದಂತೆ. ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಒಂದು ದಿನವನ್ನಾದರೂ ಪಾಠಶಾಲೆಗಳು ಇಂಥ ಸಂವಾದಕ್ಕೆ ಮೀಸಲಿಡಲಿ. ಅಲ್ಲಿ ಮಕ್ಕಳೇ ಮಾತನಾಡಲಿ, ಹಿರಿಯರು ಕೇಳಲಿ. ಕಡೆಯಲ್ಲಿ ಯಶೋಧರನ ಕಥೆಯನ್ನು ಯಾರಾದರೂ ಹೇಳಲಿ.

ತರುಣರಿಗೂ ಕರ್ತವ್ಯವಿದೆ. ನೀರನ್ನು ಸೋಸಿ ಕುಡಿಯುವ ಮನೆಯವರು ಮಾತನ್ನು ಸೋಸದೆ ಹೊರಬಿಡುವುದು ಸಲ್ಲದು. ಆಟವೊಂದನ್ನು ಗೆಳೆಯನಿಗೆ ಹೊಗಳುವ ಮುನ್ನ ಅದರಲ್ಲಿ ಯಾವುದನ್ನು ಹೊಗಳುತ್ತಿದ್ದೇವೆಂದು ಒಂದು ಕ್ಷಣ ನೋಡಿದರೆ ಸಾಕು. ಜಾಣ್ಮೆಯನ್ನು ಮೆಚ್ಚಲಿ, ಚಿತ್ರಕಲೆಯನ್ನು ಮೆಚ್ಚಲಿ, ಸಂಗೀತವನ್ನು ಮೆಚ್ಚಲಿ. ಕೊಂದ ಲೆಕ್ಕವನ್ನು ಮೆಚ್ಚದಿರಲಿ. ಹಸಿರು ಬಣ್ಣ ಬಳಿದ ಮಾತ್ರಕ್ಕೆ ರಕ್ತ ಬೇರೆಯಾಗದು, ಅದನ್ನು ಕಂಡು ಹಿಗ್ಗಿದ ಮನಸ್ಸೂ ಬೇರೆಯಾಗದು.