ಮನಾಮಾದಿಂದ, ಭಾಗ 6: ಮಕ್ಕಳಿಗೆ ಬೈದು ಮುಗಿಯಿತಾ?

ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಈ ವಾರವೂ ಅದೇ ವಿಡಿಯೋ. ವೃದ್ಧಾಶ್ರಮದ ಗೇಟು, ಅಳುವ ಅಜ್ಜಿ, ಹಿಂದೆ ಪಿಟೀಲು, ಕೆಳಗೆ ಫಾರಿನ್ ಮಕ್ಕಳಿಗೆ ಶಾಪ. ಎಲ್ಲರೂ ಕೈಮುಗಿದ ಚಿತ್ರ ಹಾಕಿದ್ದೀರಿ. ನೀನು ಯಾಕೆ ಹಾಕಲಿಲ್ಲ ಅಂತ ದೊಡ್ಡಪ್ಪ ಕೇಳಿದರು. ಅದಕ್ಕೇ ಈ ಪೋಸ್ಟ್.

ಹೆತ್ತವರನ್ನು ಬಿಟ್ಟುಹೋಗುವ ಮಕ್ಕಳು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಊರಿನಲ್ಲಿ ವಯಸ್ಸಾದವರು ಹೆಚ್ಚಾದದ್ದು ಮಕ್ಕಳು ಕೆಟ್ಟದ್ದರಿಂದಲ್ಲ. 1961ರಲ್ಲಿ ದೇಶದ ನೂರು ಜನರಲ್ಲಿ 60 ದಾಟಿದವರು ಆರು ಮಂದಿಯೂ ಇರಲಿಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲೇ ಶೇ. 9.5. 2031ಕ್ಕೆ ಶೇ. 15 ಆಗುತ್ತದೆಂದು ಕೇಂದ್ರ ಸರ್ಕಾರದ್ದೇ ಅಂದಾಜು. ಸಿಡುಬು ಹೋಯಿತು, ಕ್ಷಯಕ್ಕೆ ಮದ್ದು ಬಂತು, ಬಿಪಿ ಮಾತ್ರೆ ಹಳ್ಳಿಗೂ ತಲುಪಿತು. ಜನ ಬದುಕುತ್ತಿದ್ದಾರೆ, ಸಂತೋಷದ ಸುದ್ದಿ ತಾನೇ? ಇನ್ನೊಂದು ಕಡೆ ಹೆರಿಗೆ ಕಡಿಮೆಯಾಗಿದೆ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು.

ನನ್ನ ಅಜ್ಜಿಗೆ ಎಂಟು, ಅಮ್ಮನಿಗೆ ಮೂರು, ನನಗೆ ಒಬ್ಬಳು. ಎಂಟು ಮಕ್ಕಳ ಅಜ್ಜಿಯನ್ನು ತೋರಿಸಿ ಒಬ್ಬಳೇ ಮಗಳಿಗೆ ಬುದ್ಧಿ ಹೇಳುವುದು ಯಾವ ನ್ಯಾಯ? ಆ ಎಂಟು ಮಕ್ಕಳಿದ್ದೂ ಅಜ್ಜಿಯ ಹೇಲು ಉಚ್ಚೆ ಬಳಿದದ್ದು ಇಬ್ಬರು ಸೊಸೆಯರು. ಗಂಡಸರು ಬಾಗಿಲಲ್ಲಿ ನಿಂತು "ಹೇಗಿದ್ದಾಳೆ?" ಅಂತ ಕೇಳಿ ಹೋಗುತ್ತಿದ್ದರು. (ದೊಡ್ಡಪ್ಪ, ಬೇಜಾರು ಮಾಡಬೇಡಿ, ನೀವೂ.)

ಈ ಬಹರೈನ್‌ನಲ್ಲಿ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದವರು. ಕೆಲಸ ಮುಗಿದರೆ ಹೆಚ್ಚಿನವರ ವೀಸಾವೂ ಮುಗಿಯುತ್ತದೆ. ಅಂದರೆ ಸೊಂಟ ಗಟ್ಟಿ ಇರುವ ವರ್ಷಗಳು ಇಲ್ಲಿಗೆ, ಸೊಂಟ ಹೋದ ಮೇಲೆ ನಿಮ್ಮ ತಾಲೂಕಿಗೆ. ನಾಳೆ ನಾವೂ ಬಂದು ಸೇರುವುದು ನಿಮ್ಮ ಲೆಕ್ಕಕ್ಕೇ.

ಬೈಯಬೇಕಾದಲ್ಲಿ ಬೈಯಿರಿ. ಬಡ ವೃದ್ಧರ ಪಿಂಚಣಿಗೆ ಕೇಂದ್ರದ ಪಾಲು 79ರವರೆಗೆ ತಿಂಗಳಿಗೆ 200 ರೂಪಾಯಿ. 2007ರಲ್ಲೂ ಅದೇ 200. ರಾಜ್ಯದ ಸಂಧ್ಯಾ ಸುರಕ್ಷಾ 1200, ಡಯಾಪರಿಗೂ ಸಾಲದು. ವೃದ್ಧರ ಆರೋಗ್ಯಕ್ಕೆಂದು 2010ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದ ಪ್ರಕಾರ ಜಿಲ್ಲಾಸ್ಪತ್ರೆಯಲ್ಲಿ 10 ಹಾಸಿಗೆಯ ವಾರ್ಡು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ವೃದ್ಧರ ಕ್ಲಿನಿಕ್ ಇರಬೇಕು. ನಮ್ಮ ಕೇಂದ್ರದಲ್ಲಿ ಅದು ಯಾವ ವಾರ ಅಂತ ನಿಮ್ಮಲ್ಲಿ ಒಬ್ಬರಾದರೂ ಹೋಗಿ ಕೇಳಿದ್ದೀರಾ?

ನಾವು ಗಲ್ಫಿನವರೂ ಸಾಚಾ ಅಲ್ಲ. ಕಳಿಸಿದ ದುಡ್ಡಿನಲ್ಲಿ ಎರಡು ಮಾಳಿಗೆ, ಕನ್ನಡಿಯಂಥ ಟೈಲ್ಸ್. ಬಚ್ಚಲಲ್ಲಿ ಕೈಗೆ ಸಿಗುವ ಒಂದು ಕಂಬಿ ಇಲ್ಲ. 75ರ ಅಮ್ಮ ಒದ್ದೆ ಕಾಲಲ್ಲಿ ಜಾರಿದರೆ ಸೊಂಟದ ಮೂಳೆ ಹೋಯಿತು. ಬೇಗ ಆಪರೇಷನ್ ಮಾಡಿಸಿ, ಎಬ್ಬಿಸಿ ನಡೆಸದಿದ್ದರೆ ನ್ಯುಮೋನಿಯಾ, ಮಲಗಿದಲ್ಲೇ ಹುಣ್ಣು. ವಾರ್ಡಿನಲ್ಲಿ ನಾವು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತೇವೆ. ಮನೆಯಲ್ಲಿ? ಹೋಂ ನರ್ಸ್ ಅಂತ ಬರುವ ಎಷ್ಟೋ ಹುಡುಗಿಯರಿಗೆ ಇದನ್ನು ಯಾರೂ ಕಲಿಸಿಯೇ ಇಲ್ಲ. ಪಾಪ, ಅವರ ತಪ್ಪಲ್ಲ.

ಸಭಾಭವನದ ರಶೀದಿ ಪುಸ್ತಕ ಇಲ್ಲಿಗೂ ಬಂದಿದೆ. ಈ ಸಲ ನನ್ನ ಪಾಲು ಅದಕ್ಕಿಲ್ಲ. ಆ ದುಡ್ಡಿಗೆ ಎರಡು ಏರ್ ಬೆಡ್, ಎರಡು ವಾಕರ್, ಒಂದು ಕಮೋಡ್ ಕುರ್ಚಿ ತೆಗೆಯೋಣ, ಬೇಕಾದ ಮನೆಯವರು ಒಯ್ದು ವಾಪಸ್ ತರಲಿ. ಇಡಲು ಜಾಗ ಯಾರು ಕೊಡುತ್ತೀರಿ, ಕಾಮೆಂಟಿನಲ್ಲಿ ಹೇಳಿ. ಡಿಸೆಂಬರ್ ರಜೆಗೆ ಬಂದಾಗ ಎರಡು ದಿನ ಮಗ್ಗುಲು ಬದಲಿಸುವುದು, ಎತ್ತಿ ಕೂರಿಸುವುದು ಕಲಿಸುತ್ತೇನೆ. ಮೊದಲ ದಿನ ಗಂಡಸರಿಗೆ ಮಾತ್ರ.