ಪೆಟ್ಟಿಗೆ ಆಮೇಲೆ, ಮೊದಲು ಮುಳ್ಳು

ಕಳೆದ ಬೇಸಿಗೆಯಲ್ಲಿ ನಮ್ಮ ತಾಲ್ಲೂಕಿನ ಒಂದು ಮದುವೆಗೆ ಹೋಗಿದ್ದೆ. ಮಂಟಪದ ಬಾಗಿಲ ಪಕ್ಕ ಫೋಟೋ ತೆಗೆಸಿಕೊಳ್ಳಲೆಂದೇ ಒಂದು ಮೂಲೆ ಸಿಂಗರಿಸಿದ್ದರು. ಚಕ್ಕಡಿಯ ಗಾಲಿ, ತಾಮ್ರದ ಕೊಡ, ಎರಡು ಕಂದೀಲು, ನಡುವೆ ಹಿತ್ತಾಳೆ ಕೊಂಬಿನ ಗ್ರಾಮಫೋನ್. ಅಲಂಕಾರದವರು ಬಾಡಿಗೆಗೆ ತಂದದ್ದು. ಕೀಲಿ ಕೊಟ್ಟರೆ ತಿರುಗುತ್ತಿತ್ತು, ಮೇಲೆ ಇಡಲು ಪ್ಲೇಟ್ ಮಾತ್ರ ಇರಲಿಲ್ಲ. ಹುಡುಗನೊಬ್ಬ ಬೈಕ್ ಹತ್ತಿ ಹೋಗಿ ಊರಿನ ಮೈಕ್ ಸೆಟ್ ಕಾಕಾರ ಮನೆಯಿಂದ ಸಿನಿಮಾ ಹಾಡಿನ ಒಂದು ಎಲ್‌ಪಿ ತಂದ. ಮದುಮಗ ಮುಳ್ಳು ಇಟ್ಟ, ಮದುಮಗಳು ನಕ್ಕಳು, ಅರ್ಧ ನಿಮಿಷದ ರೀಲ್ಸ್ ಆಯಿತು. ಹಾಡೇನೂ ಸರಿಯಾಗಿ ಕೇಳಲಿಲ್ಲ, ಬೆಕ್ಕಿನ ಮರಿಯ ದನಿಯಲ್ಲಿ ಓಡಿತು. ರೀಲ್ಸ್‌ಗೆ ಆಮೇಲೆ ಬೇರೆ ಹಾಡು ಕೂಡಿಸಿದರು.

ವಾರ ಕಳೆದ ಮೇಲೆ ಕಾಕಾ ಅದೇ ಎಲ್‌ಪಿಯನ್ನು ತಮ್ಮ ಮನೆಯ ಯಂತ್ರದ ಮೇಲೆ ಹಾಕಿ ನನಗೆ ಕೇಳಿಸಿದರು. ಮೊದಲ ಹಾಡಿನ ಶುರುವಿನಲ್ಲಿ ಬರೀ ಎಣ್ಣೆಯಲ್ಲಿ ಹಪ್ಪಳ ಬಿಟ್ಟ ಸದ್ದು. ಅದರ ಹಿಂದೆ ಎಲ್ಲೋ ದೂರದಲ್ಲಿ ಹಾಡು. ಕಾಕಾ ಬೈಯಲಿಲ್ಲ. "ಪ್ಲೇಟಿನ ಮ್ಯಾಲೆ ನೇಗಿಲಾ ಹೊಡದಾರ ತಮ್ಮಾ" ಅಂದರು, ಅಷ್ಟೇ.

ಆ ಹುಡುಗರಿಗೆ ಗೊತ್ತಿರಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಅಂದು ಪೂರ್ತಿ ಗೊತ್ತಿರಲಿಲ್ಲ. ಕೊಂಬಿನ ಗ್ರಾಮಫೋನ್ ಮಾಡಿದ್ದು 78 ಸುತ್ತಿನ ಹಳೇ ಪ್ಲೇಟಿಗೆ. ಆ ಪ್ಲೇಟು ಅರಗಿನದ್ದು. ಕಲ್ಲಿನ ಪುಡಿ ಬೆರೆಸಿ ಮಾಡಿದ್ದರಿಂದ ಗಟ್ಟಿ. ಅದರ ಮೇಲೆ ಕೂರುವ ಉಕ್ಕಿನ ಮುಳ್ಳಿನ ಭಾರ 100 ಗ್ರಾಂಗೂ ಹೆಚ್ಚು. ಅಲ್ಲಿ ಸವೆಯಬೇಕಾದದ್ದು ಪ್ಲೇಟಲ್ಲ, ಮುಳ್ಳು. ಅದಕ್ಕೇ ಒಂದೊಂದು ಮಗ್ಗುಲಿಗೆ ಒಂದೊಂದು ಹೊಸ ಮುಳ್ಳು ಹಾಕುತ್ತಿದ್ದರು. ಎಲ್‌ಪಿ ಹಾಗಲ್ಲ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ತಂದ ಈ ಪ್ಲೇಟು ಮೆತ್ತನೆಯ ವಿನೈಲ್ ಪ್ಲಾಸ್ಟಿಕ್ಕಿನದ್ದು. ಅದರ ಗೆರೆ ತಲೆಗೂದಲಿನಷ್ಟು ಸಣ್ಣ, ಅದಕ್ಕೆ ಬೇಕಾದ ಭಾರ 2 ಗ್ರಾಂ ಆಸುಪಾಸು. 2 ಗ್ರಾಂ ಹೊರುವ ಕಡೆ 100 ಗ್ರಾಂ ಹೇರಿದರೆ ಒಂದೇ ಸಲಕ್ಕೆ ಮುಗಿಯಿತು. ಆ ಗೆರೆಯನ್ನು ಮತ್ತೆ ಯಾವ ಮೆಕ್ಯಾನಿಕ್ಕೂ ಹೊಲಿಯಲಾರ.

ಇದನ್ನು ಬರೆಯಲು ಕಾರಣವಿದೆ. ಹಳೇ ಪ್ಲೇಟು, ಪ್ಲೇಯರ್ ಈಗ ಮತ್ತೆ ಫ್ಯಾಷನ್ ಆಗಿವೆ. ಅಮೆರಿಕದಲ್ಲಿ 2022ರಲ್ಲಿ ಸಿ.ಡಿ.ಗಿಂತ ಹೆಚ್ಚು ವಿನೈಲ್ ಪ್ಲೇಟು ಮಾರಾಟವಾದವು. ಆ ಗಾಳಿ ನಮ್ಮ ಕಡೆಗೂ ಬೀಸಿದೆ. ಸೂಟ್‌ಕೇಸಿನಂಥ ಬಣ್ಣದ ಪ್ಲೇಯರ್‌ಗಳು ಆನ್‌ಲೈನಿನಲ್ಲಿ ಕೆಲವೇ ಸಾವಿರಕ್ಕೆ ಸಿಗುತ್ತವೆ. ಅಟ್ಟದ ಮೇಲಿನ ಪ್ಲೇಟು ಕೆಳಗಿಳಿಯುತ್ತಿವೆ. ಸಂತೋಷ. ಆದರೆ ನಾವು ದುಡ್ಡು ಹಾಕುತ್ತಿರುವುದು ಕಣ್ಣಿಗೆ ಕಾಣುವ ಪೆಟ್ಟಿಗೆಗೆ. ಪ್ಲೇಟಿಗೆ ತಾಗುವುದು ಮುಳ್ಳೊಂದೇ, ಅದರ ಕಡೆ ಯಾರೂ ನೋಡುವುದಿಲ್ಲ.

ನಾನೂ ಅದೇ ತಪ್ಪು ಮಾಡಿದವನು. ಎರಡು ವರ್ಷದ ಹಿಂದೆ ಅಂಥದೇ ಒಂದು ಸೂಟ್‌ಕೇಸ್ ಪ್ಲೇಯರ್ ತರಿಸಿದ್ದೆ. ನೀಲಿ ಬಣ್ಣ, ಬ್ಲೂಟೂತ್, ಒಳಗೇ ಸ್ಪೀಕರ್. ಅದರಲ್ಲಿ ಹಾಡು ಹಾರುತ್ತಿತ್ತು, ಒಂದು ಸಾಲಿನಿಂದ ನಾಲ್ಕನೇ ಸಾಲಿಗೆ. ಯೂಟ್ಯೂಬಿನಲ್ಲಿ ಯಾರೋ ಹೇಳಿದ್ದನ್ನು ನೋಡಿ ಮುಳ್ಳಿನ ಕೈ ಮೇಲೆ ಒಂದು ರೂಪಾಯಿ ನಾಣ್ಯ ಅಂಟಿಸಿದೆ. ಹಾರುವುದು ನಿಂತಿತು, ನನಗೆ ಖುಷಿ. ಕಾಕಾ ನೋಡಿ ಹಣೆ ಬಡಿದುಕೊಂಡರು. ಅಂಥ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಸೆರಾಮಿಕ್ ಕಾರ್ಟ್ರಿಡ್ಜಿನವು, ಮೊದಲೇ 5-6 ಗ್ರಾಂ ಭಾರ ಹಾಕುತ್ತವೆ. ಒಂದು ರೂಪಾಯಿ ನಾಣ್ಯ ಮತ್ತೆ 3 ಗ್ರಾಂಗಿಂತ ಹೆಚ್ಚು. ಹಾಡು ಹಾರುವುದಕ್ಕೆ ಕಾರಣ ಧೂಳು, ಇಲ್ಲವೇ ಓರೆಯಾಗಿ ಕೂತ ಪ್ಲೇಯರ್, ಇಲ್ಲವೇ ಸವೆದ ಮುಳ್ಳು. ನಾಣ್ಯ ಇವ್ಯಾವುದನ್ನೂ ಸರಿಮಾಡುವುದಿಲ್ಲ, ನೋವು ಕಾಣದ ಹಾಗೆ ಮುಚ್ಚುತ್ತದೆ, ಅಷ್ಟೇ.

ಹಾಗಾದರೆ ಏನು ಮಾಡಬೇಕು? ಮನೆಯಲ್ಲಿ ಪ್ಲೇಟೇ ಇಲ್ಲದಿದ್ದರೆ ಏನೂ ಮಾಡಬೇಡಿ. ಫೋನಿನಲ್ಲಿ ಹಾಡು ಕೇಳಿ, ನಾನೂ ದಿನಾ ಅದರಲ್ಲೇ ಕೇಳುವುದು. ಪ್ಲೇಟಿನ ದನಿಯೇ ಶ್ರೇಷ್ಠ ಎನ್ನುವ ಜಗಳಕ್ಕೆ ನಾನು ಬರುವವನಲ್ಲ. ನನ್ನ ಮಾತು ಅಟ್ಟದ ಮೇಲೆ ಪ್ಲೇಟಿನ ಗಂಟು ಇರುವವರಿಗೆ. ಮೈಕ್ ಸೆಟ್ ಮನೆಯವರಿಗೆ, ನಾಟಕದ ಹುಚ್ಚಿದ್ದ ಅಜ್ಜ ಇದ್ದ ಮನೆಯವರಿಗೆ. ಅಂಥ ಗಂಟಿನಲ್ಲಿ ಫೋನಿನಲ್ಲಿ ಸಿಗದ ಹಾಡು ಇರಬಹುದು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಲ್ಲಿಂದ ಶುರುವಾಗಿ ಎಪ್ಪತ್ತು ವರ್ಷದ ಹತ್ತಿರ ನಮ್ಮ ದೇಶದಲ್ಲಿ 78ರ ಪ್ಲೇಟು ಬಂದವು. ಗಂಗೂಬಾಯಿ ಹಾನಗಲ್ 1930ರ ದಶಕದಲ್ಲಿ ಮೊದಲು ಪ್ಲೇಟು ಕೊಟ್ಟಾಗ ಅದರ ಮೇಲಿದ್ದದ್ದು ಗಾಂಧಾರಿ ಎಂಬ ಹೆಸರು. ಹೆಸರು ಗುರುತು ಹತ್ತದೆ ಇಂಥ ಎಷ್ಟು ಪ್ಲೇಟು ಗುಜರಿಗೆ ಹೋದವೋ.

ಈಗ ಯಂತ್ರದ ಮಾತು. ನಿಮ್ಮ ಹಳೇ ಪ್ಲೇಯರ್ ಅಟ್ಟದಿಂದ ಇಳಿಸಿದ ಕೂಡಲೇ ಪ್ಲೇಟ್ ಹಾಕಿ ನೋಡಬೇಡಿ. ಎಲ್ಲರೂ ಮೊದಲು ಮಾಡುವ ತಪ್ಪು ಅದೇ. ಮೂವತ್ತು ವರ್ಷ ಸುಮ್ಮನಿದ್ದ ಮುಳ್ಳು ಎಷ್ಟು ಸವೆದಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ವಜ್ರದ ಮುಳ್ಳಾದರೂ 500ರಿಂದ 1000 ತಾಸಿಗೆ ಸವೆಯುತ್ತದೆ. ನೀಲಮಣಿಯದ್ದು ಅದರ ಒಂದು ಪಾಲೂ ಬಾಳುವುದಿಲ್ಲ. ಮದುವೆ ಸೀಜನ್ನಿನಲ್ಲಿ ಬೆಳಿಗ್ಗೆಯಿಂದ ರಾತ್ರಿ ತನಕ ಕೂಗಿದ ಮೈಕ್ ಸೆಟ್ಟಿನ ಮುಳ್ಳು ಎಷ್ಟು ತಾಸು ಓಡಿರಬಹುದು, ನೀವೇ ಲೆಕ್ಕ ಹಾಕಿ. ಸವೆದ ಮುಳ್ಳಿನ ತುದಿಗೆ ಉಳಿಯಂತೆ ಅಂಚು ಬಂದಿರುತ್ತದೆ. ಕಾರ್ಟ್ರಿಡ್ಜಿನ ಮೇಲೆ ಅಚ್ಚಾದ ನಂಬರ್ ಫೋಟೋ ತೆಗೆದುಕೊಂಡು ಆನ್‌ಲೈನಿನಲ್ಲಿ ಹುಡುಕಿ, ಹೊಸ ಮುಳ್ಳು ಬರುವ ತನಕ ಪ್ಲೇಟು ಮುಟ್ಟಬೇಡಿ.

ಹಳೇ ಯಂತ್ರಗಳಲ್ಲಿ ಮುಳ್ಳಿನ ಪಕ್ಕ ಸಣ್ಣ ಕಿವಿಯೊಂದು ಇರುತ್ತದೆ. ಅದನ್ನು ತಿರುವಿದರೆ ಒಂದು ಮಗ್ಗುಲಿಗೆ ಎಲ್‌ಪಿ ಮುಳ್ಳು, ಇನ್ನೊಂದು ಮಗ್ಗುಲಿಗೆ 78ರ ಮುಳ್ಳು. 78ರ ಮುಳ್ಳಿನ ತುದಿ ಎಲ್‌ಪಿಯದ್ದಕ್ಕಿಂತ ನಾಲ್ಕು ಪಟ್ಟು ದಪ್ಪ. ದಪ್ಪ ಮುಳ್ಳನ್ನು ಎಲ್‌ಪಿ ಮೇಲಿಟ್ಟರೆ ಗೆರೆಯ ಅಂಚು ತರಚುತ್ತದೆ. ಸಣ್ಣ ಮುಳ್ಳನ್ನು 78ರ ಮೇಲಿಟ್ಟರೆ ಅದು ಗೆರೆಯ ತಳಕ್ಕೆ ಬಿದ್ದು ಕಸ ಕೆರೆಯುತ್ತದೆ, ದನಿಗಿಂತ ಗದ್ದಲವೇ ಹೆಚ್ಚು. ಎಷ್ಟೋ ಮಂದಿ "ಹಳೇ ಪ್ಲೇಟಿನ ದನಿ ಹೀಂಗ ಇರ್ತೈತಿ" ಎಂದು ನಂಬಿರುವುದು ಈ ಗದ್ದಲ ಕೇಳಿಯೇ.

ಭಾರ ಅಳೆಯಲು ಸಾವಿರಾರು ರೂಪಾಯಿಯ ಸಾಧನ ಬೇಕಿಲ್ಲ. ನಾವು ಪತ್ತಾರರ ಅಂಗಡಿಯಿಂದ ಚಿನ್ನ ತೂಗುವ ಸಣ್ಣ ಡಿಜಿಟಲ್ ತಕ್ಕಡಿ ಕೇಳಿ ತಂದೆವು. ತಟ್ಟೆ ನಿಂತಿರಬೇಕು, ತಕ್ಕಡಿಯ ಮೇಲ್ಮೈ ಪ್ಲೇಟಿನ ಎತ್ತರಕ್ಕೇ ಬರಬೇಕು, ಅದರ ಮೇಲೆ ಮುಳ್ಳನ್ನು ಮೆಲ್ಲಗೆ ಇಳಿಸಬೇಕು. ಕೈಯ ಹಿಂಬದಿಯ ಭಾರವನ್ನು ತಿರುವುತ್ತಾ ಕಂಪನಿ ಹೇಳಿದ ಅಂಕಿಗೆ ತರಬೇಕು. ಕಡಿಮೆ ಇಟ್ಟರೆ ಪ್ಲೇಟಿಗೆ ಒಳ್ಳೆಯದು ಎಂದುಕೊಳ್ಳಬೇಡಿ. ಭಾರ ಕಡಿಮೆಯಾದರೆ ಮುಳ್ಳು ಗೆರೆಯೊಳಗೆ ಕುಣಿಯುತ್ತದೆ, ಕುಣಿತದಿಂದಲೂ ಗೆರೆ ಹಾಳು. ಪ್ಲೇಯರ್ ಮಟ್ಟವಾಗಿ ಕೂತಿದೆಯೇ ಎಂದು ನೋಡಲು ಗೌಂಡಿಯ ರಸಮಟ್ಟ ಸಾಕು. ನಮ್ಮ ಮನೆಗಳ ನೆಲ ಮಟ್ಟ ಅಂದುಕೊಂಡಿರುತ್ತೇವೆ, ರಸಮಟ್ಟ ಇಟ್ಟ ಮೇಲೆ ಗೊತ್ತಾಗುತ್ತದೆ.

ಕಾಕಾರ ಯಂತ್ರದ ಮೋಟರಿನಿಂದ ತಟ್ಟೆ ತಿರುಗಿಸುವುದು ಒಂದು ರಬ್ಬರ್ ಗಾಲಿ. ಅದು ವರ್ಷಗಟ್ಟಲೆ ಒಂದೇ ಕಡೆ ಒತ್ತಿಕೊಂಡಿದ್ದರಿಂದ ಗಟ್ಟಿಯಾಗಿ, ಹಾಡಿನ ಹಿಂದೆ ಗಿರಣಿಯಂತೆ ಗುಡುಗುತ್ತಿತ್ತು. ನಯವಾದ ಎಮರಿ ಕಾಗದದಿಂದ ಅಂಚನ್ನು ಹಗುರವಾಗಿ ತಿಕ್ಕಿ, ನಟ್ಟನಡುವಿನ ಬೇರಿಂಗಿಗೆ ಹೊಲಿಗೆ ಮಿಷನ್ನಿನ ಎಣ್ಣೆ ಎರಡು ಹನಿ ಬಿಟ್ಟೆವು. ಕೊಬ್ಬರಿ ಎಣ್ಣೆ ಬೇಡ, ದಯವಿಟ್ಟು. ನಾವು ಬಾಗಿಲ ತಿರುಗುಣಿಯಿಂದ ತಲೆಯ ತನಕ ಎಲ್ಲಕ್ಕೂ ಅದನ್ನೇ ಹಾಕುವವರು, ಆದರೆ ಇಲ್ಲಿ ಅದು ಅಂಟುಗಟ್ಟುತ್ತದೆ. ಬೆಲ್ಟಿನ ಪ್ಲೇಯರ್ ಆದರೆ ಕೆಲಸ ಇನ್ನೂ ಸುಲಭ. ಹಿಗ್ಗಿದ ಬೆಲ್ಟು ತೆಗೆದು ಅದೇ ಅಳತೆಯ ಹೊಸದು ಹಾಕಿದರಾಯಿತು.

ವೇಗ ನೋಡಲು ತಟ್ಟೆಯ ಅಂಚಿಗೆ ಒಂದು ಚೂರು ಕಾಗದ ಅಂಟಿಸಿ, ಫೋನಿನ ಗಡಿಯಾರ ಹಿಡಿದು ಎಣಿಸಿ. ಮೂರು ನಿಮಿಷಕ್ಕೆ ಸರಿಯಾಗಿ 100 ಸುತ್ತು ಬಂದರೆ ಎಲ್‌ಪಿಯ ವೇಗ ಸರಿ. 180 ಗೆರೆಯ ಸ್ಟ್ರೋಬ್ ಕಾಗದ ಇಟ್ಟು ನೋಡುವುದೂ ಉಂಟು, ನಮ್ಮ 50 ಸೈಕಲ್ ಕರೆಂಟಿನ ಬೆಳಕಿನಲ್ಲಿ ಆ ಗೆರೆ ನಿಂತಂತೆ ಕಾಣಬೇಕು. ಚೋಕ್ ಇರುವ ಹಳೇ ಟ್ಯೂಬ್‌ಲೈಟ್ ಅದಕ್ಕೆ ಒಳ್ಳೆಯದು, ಎಷ್ಟೋ ಎಲ್‌ಇಡಿ ಬಲ್ಬಿನಲ್ಲಿ ಏನೂ ತಿಳಿಯುವುದಿಲ್ಲ. ಅಮೆರಿಕದ ನೆಂಟರು ಅಲ್ಲಿಯ ಹಳೇ ಪ್ಲೇಯರ್ ತಂದುಕೊಟ್ಟರೆ ಒಂದು ಮಾತು ನೆನಪಿಡಿ. ಅಲ್ಲಿ ಕರೆಂಟು 60 ಸೈಕಲ್. ಕರೆಂಟಿನ ಲೆಕ್ಕಕ್ಕೆ ತಿರುಗುವ ಮೋಟರ್ ಆದರೆ ಇಲ್ಲಿ ವೋಲ್ಟೇಜ್ ಇಳಿಸಿ ಹಾಕಿದರೂ 33 ಸುತ್ತು 28ರ ಹತ್ತಿರ ಬರುತ್ತದೆ, ಹಾಡುಗಾರನಿಗೆ ನಿದ್ದೆ ಹತ್ತಿದ ಹಾಗೆ.

ಇಷ್ಟು ಮಾಡಿದ ಮೇಲೂ ಕೈಯಲ್ಲಿ ದುಡ್ಡಿದ್ದರೆ ಕಾರ್ಟ್ರಿಡ್ಜ್ ಬದಲಿಸುವ ಯೋಚನೆ ಮಾಡಿ. ಸೆರಾಮಿಕ್ ತೆಗೆದು ಮ್ಯಾಗ್ನೆಟಿಕ್ ಹಾಕಿದರೆ ಪ್ಲೇಟಿನ ಮೇಲಿನ ಭಾರವೂ ಇಳಿಯುತ್ತದೆ, ದನಿಯೂ ಬಿಡಿಸಿಟ್ಟಂತೆ ಕೇಳುತ್ತದೆ. ಆದರೆ ಪ್ಲೇಯರಿನ ಕೈ ಅದಕ್ಕೆ ಹೊಂದಬೇಕು. ಸೂಟ್‌ಕೇಸ್ ಪೆಟ್ಟಿಗೆಯ ಕೈ ಹೊಂದುವುದಿಲ್ಲ, ಅದಕ್ಕೆ ಮತ್ತೆ ದುಡ್ಡು ಸುರಿಯಬೇಡಿ. ಇನ್ನೊಂದು ತೊಡಕು, ಮ್ಯಾಗ್ನೆಟಿಕ್‌ನಿಂದ ಹೊರಡುವ ಶಕ್ತಿ ಕೆಲವೇ ಮಿಲಿವೋಲ್ಟ್. ಅದನ್ನು ಮೈಕ್ ಸೆಟ್ಟಿನ ಆಂಪ್ಲಿಫೈಯರಿನ ಮೈಕ್ ತೂತಿಗೆ ಚುಚ್ಚಿದರೆ ಹಾಡು ಬರುತ್ತದೆ, ಬೇಸ್ ಇಲ್ಲದೆ ತಗಡು ಬಡಿದಂತೆ. ಎಲ್‌ಪಿ ಕೊರೆಯುವಾಗ ಬೇಸನ್ನು ಬೇಕೆಂದೇ ತಗ್ಗಿಸಿ, ಮೇಲಿನ ಸ್ವರ ಏರಿಸಿರುತ್ತಾರೆ. ಇಲ್ಲದಿದ್ದರೆ ಗೆರೆ ಅಗಲವಾಗಿ ಒಂದು ಮಗ್ಗುಲಿಗೆ 20 ನಿಮಿಷದ ಹಾಡು ಹಿಡಿಸುವುದಿಲ್ಲ. ಅದನ್ನು ಮತ್ತೆ ಸಮ ಮಾಡುವುದು ಫೋನೋ ಪ್ರೀಆಂಪ್ ಎಂಬ ಅಂಗೈಯಗಲದ ಡಬ್ಬಿ. ಕಾರ್ಟ್ರಿಡ್ಜಿನ ಜೊತೆಗೇ ಅದರ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. 78ರ ಪ್ಲೇಟು ಹೆಚ್ಚಿರುವವರು ಆಡಿಯೋ-ಟೆಕ್ನಿಕಾದ ವಿಎಂ95ನಂಥ ಕಾರ್ಟ್ರಿಡ್ಜ್ ನೋಡಬಹುದು. ಅದರಲ್ಲಿ ಮುಳ್ಳು ಮಾತ್ರ ಕಳಚಿ 78ರ ದಪ್ಪ ಮುಳ್ಳು ಹಾಕಲು ಬರುತ್ತದೆ. ಹೊಸ ಪ್ಲೇಯರ್ ಕೊಳ್ಳುವ ಮುಂಚೆ 78ರ ವೇಗ ಇದೆಯೇ ಕೇಳಿ, ಎಷ್ಟೋ ಪ್ಲೇಯರ್‌ಗಳಲ್ಲಿ 33 ಮತ್ತು 45 ಮಾತ್ರ. ಸ್ಪೀಕರ್, ಮರದ ಪೆಟ್ಟಿಗೆ, ಬ್ಲೂಟೂತ್ ಎಲ್ಲ ಇದರ ಆಮೇಲೆ.

ತೊಳೆಯುವ ವಿಷಯದಲ್ಲಿ ನಮ್ಮ ಊರುಗಳ ವೈರಿ ಬೋರ್‌ವೆಲ್ ನೀರು. ಅದರಲ್ಲಿ ತೊಳೆದರೆ ಉಪ್ಪು ಗೆರೆಯಲ್ಲಿ ಕೂರುತ್ತದೆ. ಗ್ಯಾರೇಜಿನಲ್ಲಿ ಬ್ಯಾಟರಿಗೆ ಹಾಕಲು ಮಾರುವ ಡಿಸ್ಟಿಲ್ಡ್ ನೀರು ತನ್ನಿ. ಬ್ಯಾಟರಿ ಆಸಿಡ್ ಅಲ್ಲ, ನೀರು. ಬಾಟಲಿ ಓದಿ ತನ್ನಿ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ ಬೆರೆಸಿ, ಮೆತ್ತನೆ ಬಟ್ಟೆಯಲ್ಲಿ ಗೆರೆಯ ಗುಂಟ ಒರೆಸಿ. ಆಮೇಲೆ ಬರೀ ಡಿಸ್ಟಿಲ್ಡ್ ನೀರಲ್ಲಿ ಇನ್ನೊಮ್ಮೆ ಒರೆಸಿ, ನೆರಳಲ್ಲಿ ನಿಲ್ಲಿಸಿ ಆರಿಸಿ. ನಡುವಿನ ಕಾಗದ ನೆನೆಯಬಾರದು. ಸ್ಪಿರಿಟ್, ಸ್ಯಾನಿಟೈಸರ್ ಹಚ್ಚಿದರೆ 78ರ ಪ್ಲೇಟು ಹಾಳು, ಅರಗು ಅದರಲ್ಲಿ ಕರಗುತ್ತದೆ. ತಗಡಿನ ಮನೆಯ ಅಟ್ಟದಲ್ಲಿ ಬೇಸಿಗೆಗೆ ಎಲ್‌ಪಿ ಹಪ್ಪಳದಂತೆ ಸೊಟ್ಟಗಾಗುತ್ತದೆ. ಕೆಳಗೆ ತಂಪು ಕೋಣೆಯಲ್ಲಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಿ.

"ಎಲ್ಲಾ ಫೋನಿಗೆ ಹಾಕ್ಕೊಂಡು ಪ್ಲೇಟ್ ಗುಜರಿಗೆ ಕೊಟ್ಟರಾತು" ಎನ್ನುವವರಿದ್ದಾರೆ. ಫೋನಿಗೆ ಹಾಕಿಕೊಳ್ಳುವುದು ಸರಿ, ನಾನೂ ಅದನ್ನೇ ಹೇಳುತ್ತೇನೆ. ಅಪರೂಪದ ಪ್ಲೇಟನ್ನು ದಿನಾ ತಿರುಗಿಸುವುದಕ್ಕಿಂತ ಒಂದು ಸಲ ಚೆನ್ನಾಗಿ ರೆಕಾರ್ಡ್ ಮಾಡಿಟ್ಟುಕೊಳ್ಳುವುದು ಮೇಲು. ಬೆಂಗಳೂರಿನ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಇಂಥ ಹಳೇ ಪ್ಲೇಟುಗಳನ್ನೇ ಡಿಜಿಟಲ್ ಮಾಡಿಟ್ಟಿದೆ. ಆದರೆ ಸವೆದ ಮುಳ್ಳಿನಿಂದ ರೆಕಾರ್ಡ್ ಮಾಡಿ ಪ್ಲೇಟನ್ನು ಗುಜರಿಗೆ ಕೊಟ್ಟರೆ ಕೈಯಲ್ಲಿ ಉಳಿಯುವುದು ಹಪ್ಪಳದ ಸದ್ದು. ಒಳ್ಳೇ ಮುಳ್ಳು ಸಿಕ್ಕ ದಿನ ಮತ್ತೆ ರೆಕಾರ್ಡ್ ಮಾಡಲು ಪ್ಲೇಟೇ ಇರುವುದಿಲ್ಲ.

ಕಾಕಾರ ಗಂಟಿನಲ್ಲಿ ಕಂಪನಿ ನಾಟಕದ ಹಾಡಿನ 78ರ ಪ್ಲೇಟೊಂದಿದೆ. ಲೇಬಲ್ ಹರಿದು ಹೋಗಿದೆ, ಹಾಡಿದವರ ಹೆಸರಿನ ಕೊನೆಯ ಎರಡಕ್ಷರ ಮಾತ್ರ ಉಳಿದಿವೆ. ನಾನು ಫೋನಿನಲ್ಲಿ ಎಷ್ಟು ಹುಡುಕಿದರೂ ಸಿಕ್ಕಿಲ್ಲ. ಆ ಹುಡುಗ ಮದುವೆಗೆ ಪ್ಲೇಟು ಕೇಳಲು ಬಂದಾಗ ಮೊದಲು ಕೈ ಹಾಕಿದ್ದು ಇದಕ್ಕೇ ಅಂತೆ. ಲೇಬಲ್ ಹರಿದದ್ದು ಫೋಟೋದಲ್ಲಿ ಚೆಂದ ಕಾಣುವುದಿಲ್ಲ ಎಂದು ಬಿಟ್ಟು ಎಲ್‌ಪಿ ಒಯ್ದ.

78ರ ದಪ್ಪ ಮುಳ್ಳಿಗೆ ಆರ್ಡರ್ ಹಾಕಿದ್ದೇವೆ, ಇನ್ನೂ ಬಂದಿಲ್ಲ. ಅಲ್ಲಿಯ ತನಕ ಆ ಪ್ಲೇಟು ಹಳೇ ಧೋತರದ ತುಂಡಿನಲ್ಲಿ ಸುತ್ತಿಕೊಂಡು ಕಾಕಾರ ಟ್ರಂಕಿನಲ್ಲಿದೆ. ಪತ್ತಾರರು ಮಾತ್ರ ತಕ್ಕಡಿ ವಾಪಸ್ ಕೊಡಿ ಎಂದು ಎರಡು ಸಲ ಫೋನ್ ಮಾಡಿದ್ದಾರೆ.