ವಿಂಡೋಸ್ ಬದಲಿಸುವ ಮುಹೂರ್ತ: ಪಾಲಿಕೆ ಆಯುಕ್ತರಿಗೊಂದು ಬಹಿರಂಗ ಪತ್ರ

ಕಲ್ಯಾಣ–ಡೊಂಬಿವಲಿ ಮಹಾನಗರಪಾಲಿಕೆಯ ಮಾನ್ಯ ಆಯುಕ್ತರಿಗೆ,

2017ರ ಜೂನ್ 27ರಂದು ನವಿ ಮುಂಬಯಿ ಪಕ್ಕದ ನ್ಹಾವಾ ಶೇವಾ ಬಂದರಿನ ಒಂದು ಟರ್ಮಿನಲ್‌ನಲ್ಲಿ ಕಂಪ್ಯೂಟರುಗಳು ಕೈಕೊಟ್ಟವು. ಕ್ರೇನ್ ಇತ್ತು, ಲಾರಿ ಇತ್ತು. ಯಾವ ಕಂಟೇನರು ಎಲ್ಲಿಗೆಂದು ಹೇಳುವ ವ್ಯವಸ್ಥೆಯೇ ಇರಲಿಲ್ಲ. ಆ ಟರ್ಮಿನಲ್ ನಡೆಸುತ್ತಿದ್ದ ಮರ್ಸ್ಕ್ ಹಡಗು ಸಮೂಹ ಜಗತ್ತಿನಾದ್ಯಂತ 45,000 ಕಂಪ್ಯೂಟರುಗಳನ್ನು ಮತ್ತೆ ಮೊದಲಿನಿಂದ ಸಜ್ಜುಗೊಳಿಸಬೇಕಾಯಿತು. ಇದಕ್ಕೆ ಕಾರಣವಾದ ನಾಟ್‌ಪೆಟ್ಯಾ ಎಂಬ ಕುತಂತ್ರಾಂಶ ಹರಡಿದ ದಾರಿಗಳಲ್ಲಿ ಒಂದು ವಿಂಡೋಸ್‌ನ ಬಿರುಕು. ಅದಕ್ಕೆ ಮೈಕ್ರೋಸಾಫ್ಟ್ ಪ್ಯಾಚ್ ಕೊಟ್ಟದ್ದು ಮಾರ್ಚ್‌ನಲ್ಲೇ! (ಕದ್ದ ಪಾಸ್‌ವರ್ಡ್‌ಗಳಿಂದಲೂ ಅದು ಹರಡಿತು, ಪ್ಯಾಚ್ ಒಂದೇ ಸಾಕಿತ್ತು ಎನ್ನಲಾಗದು.) ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೇನು ಎಂಬುದನ್ನು ದುರ್ಗಾಡಿ ಕೋಟೆಯ ಊರಾದ ಕಲ್ಯಾಣಕ್ಕೆ ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಅವಸರವೂ ಸಲ್ಲದು. 2018ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ ಹೊಸ ಆವೃತ್ತಿ ಕೆಲವರ ಕಡತಗಳನ್ನೇ ಅಳಿಸಿಹಾಕಿತು. ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡ ಅದನ್ನು ಮತ್ತೆ ಬಿಟ್ಟದ್ದು ನವೆಂಬರ್‌ನಲ್ಲಿ. ಮೊದಲ ದಿನವೇ ಹಾಕಿಕೊಂಡವರಿಗೆ ಬಹುಮಾನವೇನೂ ಸಿಗಲಿಲ್ಲ.

ಈಗ ವಿಂಡೋಸ್ 10ರ ಸರದಿ. 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ಮುಗಿಯಿತು. ಸಂಸ್ಥೆಗಳು ದುಡ್ಡು ಕೊಟ್ಟು ಮೂರು ವರ್ಷ ತಳ್ಳಬಹುದು: ಕಂಪ್ಯೂಟರಿಗೆ ಮೊದಲ ವರ್ಷ 61 ಡಾಲರ್, ಆಮೇಲೆ ವರ್ಷವರ್ಷವೂ ದುಪ್ಪಟ್ಟು, ಒಟ್ಟು 427. ಅಷ್ಟು ಸುರಿದು ಹಳೆಯದನ್ನೇ ಉಳಿಸಿಕೊಳ್ಳುವುದು ಜಾಣತನವಲ್ಲ. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಘಟಕ ಕೇಳುತ್ತದೆ, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಯಾವ ವಾರ್ಡಿನಲ್ಲಿ ಅಂಥ ಕಂಪ್ಯೂಟರುಗಳು ಎಷ್ಟಿವೆ ಎಂಬ ಪಟ್ಟಿ ಮೊದಲು ತಮ್ಮ ಮೇಜಿಗೆ ಬರಬೇಕು.

ಮುಹೂರ್ತ ಇಡಬೇಕಾದವರು ಮಾತ್ರ ಗುತ್ತಿಗೆದಾರರಲ್ಲ, ನಾಗರಿ ಸುವಿಧಾ ಕೇಂದ್ರದ ಕಿಟಕಿಯಲ್ಲಿ ಕೂತ ಗುಮಾಸ್ತರು. ಘರ್‌ಪಟ್ಟಿ (ಮನೆ ತೆರಿಗೆ) ಕಟ್ಟಿದವರಿಗೆ ರಸೀದಿ ಕೊಡುವ ಹಳೆಯ ಪ್ರಿಂಟರ್ ಹೊಸ ವಿಂಡೋಸ್ ಜೊತೆ ಮಾತಾಡುತ್ತದೆಯೇ? ಜನನ ಪ್ರಮಾಣಪತ್ರದಲ್ಲಿ ಮರಾಠಿಯ ಜೋಡಕ್ಷರ ಒಡೆದುಹೋಗುವುದಿಲ್ಲವೇ? ಸ್ಕ್ಯಾನರಿಗೆ ಡ್ರೈವರ್ ಇದೆಯೇ? ಇದೆಲ್ಲ ಗೊತ್ತಾಗುವುದು ಅವರಿಗೇ. ಮಾರ್ಚ್ ಕೊನೆಯ ನೂಕುನುಗ್ಗಲು ಮುಗಿದ ಮೇಲೆ ಒಂದು ವಾರ್ಡಿನ ಒಂದೇ ಕಿಟಕಿಯಲ್ಲಿ, ನಿಜವಾದ ರಸೀದಿಗಳ ಮೇಲೆ, ತಿಂಗಳೊಂದು ಓಡಿಸಿ ನೋಡಲಿ. ಪಕ್ಕದ ಕಿಟಕಿ ಹಳೆಯದರಲ್ಲೇ ಇರಲಿ. ಕೆಟ್ಟರೆ ಸಾಲು ಅತ್ತ ಸರಿಯುತ್ತದೆ.

ಉಳಿದ ಕಿಟಕಿಗಳ ಸರದಿ ಬಂದಾಗ, ಆ ದಿನಾಂಕವನ್ನು ಹದಿನೈದು ದಿನ ಮೊದಲೇ ಕೇಂದ್ರದ ಬಾಗಿಲಿಗೆ ಅಂಟಿಸುವ ಕೃಪೆ ಮಾಡಬೇಕು.

ಇಂತಿ,
ಡೊಂಬಿವಲಿಯ ಕನ್ನಡಿಗ ತೆರಿಗೆದಾರರೊಬ್ಬರು